ಕಾರ್ಡು ಕೈಯಲ್ಲಿ, ಹೆಸರು ಪಟ್ಟಿಯಲ್ಲಿ: ಮತದಾರರ ಗುರುತಿನ ಚೀಟಿಯ ಬಗ್ಗೆ ಒಂದು ಪಾಠ



ಸಂಘದ ಸಭೆಯಲ್ಲಿ ಚುನಾವಣೆಯ ಮಾತು ಬಂದಾಗ ನಮ್ಮ ಸದಸ್ಯೆಯರು ಹೆಚ್ಚಾಗಿ ಹೇಳುವುದು ಒಂದೇ ಮಾತು. "ನನ್ನ ಹತ್ರ ವೋಟರ್ ಕಾರ್ಡ್ ಐತ್ರಿ, ನನಗೇನೂ ಚಿಂತಿಲ್ಲ." ಈ ಮಾತು ಅರ್ಧ ಸರಿ, ಅರ್ಧ ತಪ್ಪು. ಕಾರ್ಡ್ ಇದ್ದೂ ಮತ ಹಾಕಲಾಗದೆ ವಾಪಸ್ ಬಂದವರು ಇದ್ದಾರೆ. ಕಾರ್ಡ್ ಇಲ್ಲದೆಯೂ ಮತ ಹಾಕಿ ಬಂದವರು ಇದ್ದಾರೆ. ಇದು ಹೇಗೆ ಎಂದು ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ. ಜೊತೆಗೆ, ಮತ ಹಾಕಲು ಫೋಟೋ ಇರುವ ಗುರುತಿನ ಚೀಟಿ ಕೇಳುವುದು ಸರಿಯೋ ತಪ್ಪೋ ಎಂಬ ವಾದ ನಮ್ಮ ದೇಶದಲ್ಲೂ ಹೊರದೇಶಗಳಲ್ಲೂ ನಡೆದು ಬಂದಿದೆ. ಆ ವಾದದಲ್ಲಿ ನಮ್ಮಂಥ ಹಳ್ಳಿಯ ಹೆಂಗಸರಿಗೂ ಹೇಳಲು ಮಾತಿದೆ.

ಹೆಸರೇ ಹೇಳದ ಹೆಂಗಸರು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ್ ಸೇನ್. ಪಟ್ಟಿ ಬರೆಯಲು ಮನೆ ಮನೆಗೆ ಹೋದವರಿಗೆ ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. "ಇಂಥವನ ಹೆಂಡತಿ", "ಇಂಥವನ ತಾಯಿ" ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಮತದಾರಳಾಗಲು ಸಾಧ್ಯವಿಲ್ಲ ಎಂದು ಆಯೋಗ ತೀರ್ಮಾನಿಸಿತು. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರಿಗೆ ಕಾರ್ಡು ಕೇಳಿದವರು ಯಾರೂ ಇರಲಿಲ್ಲ, ಆಗ ಕಾರ್ಡೇ ಇರಲಿಲ್ಲ. ಅವರು ಹೊರಗುಳಿದದ್ದು ಪಟ್ಟಿಯಿಂದ. ಸೇನ್ ಮಾಡಿದ್ದು ಕಠೋರ ಅನ್ನಿಸುತ್ತದೆ. ಆದರೆ ಮುಂದಿನ ಚುನಾವಣೆ ಹೊತ್ತಿಗೆ ಹೆಂಗಸರು ಹೆಸರು ಹೇಳಲು ಕಲಿತರು ಎಂಬುದೂ ಸುಳ್ಳಲ್ಲ.

ಆ ಕಾಲದಲ್ಲಿ ಗುರುತು ಹಿಡಿಯುವ ರೀತಿಯೇ ಬೇರೆ. ಮತಗಟ್ಟೆಯಲ್ಲಿ ಅಧಿಕಾರಿ ನಮ್ಮ ಹೆಸರು ಮತ್ತು ನಂಬರು ಗಟ್ಟಿಯಾಗಿ ಓದುತ್ತಾರೆ. ಇಂದಿಗೂ ಹಾಗೆಯೇ ಓದುತ್ತಾರೆ. ಯಾಕೆ ಗೊತ್ತೇ? ಪಕ್ಷಗಳ ಏಜೆಂಟರು ಅಲ್ಲಿ ಕುಳಿತಿರುತ್ತಾರೆ, ಅವರು ಕೇಳಿಸಿಕೊಂಡು ಮುಖ ನೋಡಬೇಕು. ಬಂದವಳು ಆ ಹೆಸರಿನವಳಲ್ಲ ಅನ್ನಿಸಿದರೆ ಏಜೆಂಟ್ 2 ರೂಪಾಯಿ ಕಟ್ಟಿ ತಕರಾರು ಎತ್ತಬಹುದು. ಊರೇ ಸಾಕ್ಷಿ ಎಂಬ ಪದ್ಧತಿ ಇದು. ಎರಡನೇ ಸಲ ಬಾರದಂತೆ ಎಡಗೈ ತೋರುಬೆರಳಿಗೆ ಅಳಿಸದ ಶಾಯಿ. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. 1937ರಲ್ಲಿ ಶುರುವಾದ ಸರ್ಕಾರಿ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಈ ಶಾಯಿ ಕೊಡುತ್ತಿದೆ.

ಊರೇ ಸಾಕ್ಷಿ ಅನ್ನುವುದು ಕೇಳಲು ಚೆಂದ. ಆದರೆ ಊರು ಅಂದರೆ ಯಾರು? ಏಜೆಂಟರಾಗಿ ಕೂರುವವರು ಹೆಚ್ಚಿನ ಪಾಲು ಗಂಡಸರು, ಊರಲ್ಲಿ ನಾಲ್ಕು ಮಾತು ನಡೆಯುವ ಮನೆಯವರು. ತಲೆ ಮೇಲೆ ಸೆರಗು ಹೊದ್ದು ಬಂದ ಹೊಸ ಸೊಸೆಯ ಮುಖ ಅವರಿಗೆ ಗೊತ್ತಿರುವುದಿಲ್ಲ. ಕೂಲಿಗೆ ಗೋವಾಕ್ಕೆ ಹೋದ ಕುಟುಂಬದ ಹೆಂಗಸಿನ ವೋಟನ್ನು ಬೇರೆ ಯಾರೋ ಹಾಕಿದರೆ, ಎಲ್ಲಾ ಏಜೆಂಟರೂ ಒಬ್ಬನೇ ದೊಡ್ಡ ಮನುಷ್ಯನ ಕಡೆಯವರಾಗಿದ್ದರೆ, ತಕರಾರು ಎತ್ತುವವರು ಯಾರು? ಸತ್ತವರು ಬಂದು ವೋಟು ಹಾಕಿ ಹೋದರು ಎಂದು ಹಿರಿಯರು ನಗುತ್ತಾ ಹೇಳುವ ಕಥೆಗಳ ಹಿಂದೆ ಬಡವರ ಮತ ಕಳುವಾದ ಸಂಗತಿ ಇದೆ.

ಕಾರ್ಡ್ ಬಂದದ್ದು ಹೇಗೆ

ಈ ಕಳ್ಳ ಮತ ತಡೆಯಲು ಫೋಟೋ ಕಾರ್ಡ್ ಬೇಕೇಬೇಕು ಎಂದು ಹಟ ಹಿಡಿದವರು ಟಿ. ಎನ್. ಶೇಷನ್. 1990ರಿಂದ 1996ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. 1993ರ ಆಗಸ್ಟ್‌ನಲ್ಲಿ ಆಯೋಗ ಆದೇಶ ಹೊರಡಿಸಿತು: ದೇಶದ ಎಲ್ಲಾ ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕು. ಕಾರ್ಡ್ ಕೊಡದ ಕಡೆ 1995ರ ಜನವರಿ 1ರ ನಂತರ ಚುನಾವಣೆಯನ್ನೇ ನಡೆಸುವುದಿಲ್ಲ ಎಂದೂ ಶೇಷನ್ ಹೇಳಿದರು. ಖರ್ಚು ಯಾರು ಕೊಡಬೇಕು ಎಂದು ರಾಜ್ಯ ಸರ್ಕಾರಗಳು ಗಲಾಟೆ ಮಾಡಿದವು. ಕೊನೆಗೆ ಸುಪ್ರೀಂ ಕೋರ್ಟ್ ಮಧ್ಯೆ ಬರಬೇಕಾಯಿತು. ಕಾರ್ಡ್ ಹಂಚಿಲ್ಲ ಎಂಬ ಕಾರಣಕ್ಕೆ ಜನರ ಮತದಾನದ ಹಕ್ಕನ್ನು ತಡೆಹಿಡಿಯುವಂತಿಲ್ಲ ಎಂಬುದು ಅಲ್ಲಿಂದ ಬಂದ ತಾತ್ಪರ್ಯ.

ನಮ್ಮ ಪ್ರಕಾರ ಇಡೀ ವಾದದ ತಿರುಳು ಇಲ್ಲೇ ಇದೆ. ಗುರುತು ಕೇಳುವುದು ತಪ್ಪಲ್ಲ. ಆದರೆ ಗುರುತಿನ ಚೀಟಿ ಕೊಡುವ ಹೊಣೆ ಸರ್ಕಾರದ್ದು. ಸರ್ಕಾರ ತನ್ನ ಕೆಲಸ ಮಾಡದೆ ಬಡವಳನ್ನು ಬಾಗಿಲಿಂದ ವಾಪಸ್ ಕಳಿಸಿದರೆ ಅದು ಅನ್ಯಾಯ.

ಮುಂದೆ 2000ದ ಹರಿಯಾಣ ವಿಧಾನಸಭೆ ಚುನಾವಣೆಯಲ್ಲಿ ಗುರುತು ತೋರಿಸುವುದನ್ನು ಕಡ್ಡಾಯ ಮಾಡಿದರು. ಕಾರ್ಡ್ ಇಲ್ಲದವರು ಬೇರೆ ದಾಖಲೆ ತೋರಿಸಬಹುದು ಎಂಬ ದಾರಿಯನ್ನೂ ಬಿಟ್ಟರು. ಆಮೇಲೆ ಅದೇ ಪದ್ಧತಿ ಎಲ್ಲಾ ಕಡೆ ಬಂತು.

ಹೊರದೇಶದ ಎರಡು ಸಂಗತಿ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಫೋಟೋ ಗುರುತು ಕಡ್ಡಾಯ ಮಾಡಿದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2008ರ ಏಪ್ರಿಲ್‌ನಲ್ಲಿ ಎತ್ತಿ ಹಿಡಿಯಿತು. ಮರು ತಿಂಗಳೇ ನಡೆದ ಚುನಾವಣೆಯಲ್ಲಿ ಸೌತ್ ಬೆಂಡ್ ಎಂಬ ಊರಿನ ಒಂದು ಕಾನ್ವೆಂಟಿನ ಸುಮಾರು ಹನ್ನೆರಡು ಮಂದಿ ವಯಸ್ಸಾದ ಸಿಸ್ಟರ್‌ಗಳು ಮತ ಹಾಕಲು ಹೋದರು. ಎಂಬತ್ತು, ತೊಂಬತ್ತು ದಾಟಿದವರು. ಕಾರು ಓಡಿಸುವುದು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಆದ್ದರಿಂದ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಲಿಲ್ಲ. ಮತಗಟ್ಟೆಯಲ್ಲಿ ಕೆಲಸಕ್ಕಿದ್ದವರು ಅದೇ ಕಾನ್ವೆಂಟಿನ ಇನ್ನೊಬ್ಬ ಸಿಸ್ಟರ್! ದಿನಾ ಜೊತೆಗಿದ್ದವರು, ಮುಖ ಗೊತ್ತು, ಹೆಸರು ಗೊತ್ತು. ಆದರೂ ಕಾನೂನಿನ ಪ್ರಕಾರ ವಾಪಸ್ ಕಳಿಸಬೇಕಾಯಿತು. ಊರೇ ಸಾಕ್ಷಿ ಇದ್ದರೂ ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ಸಿಕ್ಕಿಲ್ಲ.

ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಮೊದಲ ಸಲ ಎಲ್ಲೆಡೆ ಫೋಟೋ ಗುರುತು ಕೇಳಿದರು. ಅಲ್ಲಿನ ಚುನಾವಣಾ ಆಯೋಗವೇ ಕೊಟ್ಟ ಲೆಕ್ಕದಂತೆ ಕನಿಷ್ಠ 14,000 ಮಂದಿ ಗುರುತಿಲ್ಲದೆ ಮತ ಹಾಕದೇ ಉಳಿದರು. ಆ ದೇಶದಲ್ಲಿ ಮನೆ ಮನೆಗೆ ಬಂದು ಕಾರ್ಡ್ ಕೊಡುವ ಪದ್ಧತಿ ಇರಲಿಲ್ಲ. ನಮ್ಮಲ್ಲಿ ಹೆಸರು ಸೇರಿಸಿದರೆ ಕಾರ್ಡ್ ಪುಕ್ಕಟೆ ಬರುತ್ತದೆ, ಅಂಚೆಯಲ್ಲಿ ಮನೆಗೇ ಬರುತ್ತದೆ. ಈ ವಿಷಯದಲ್ಲಿ ನಮ್ಮ ವ್ಯವಸ್ಥೆ ಅವರದ್ದಕ್ಕಿಂತ ಒಳ್ಳೆಯದು ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಕಾರ್ಡ್ ಇಲ್ಲದಿದ್ದರೆ ಏನು ತೋರಿಸಬಹುದು?

2024ರ ಲೋಕಸಭೆ ಚುನಾವಣೆಯಲ್ಲಿ, ಅಂದರೆ ನಮ್ಮ ಉತ್ತರ ಕನ್ನಡದಲ್ಲಿ ಮೇ 7ರಂದು ಮತದಾನ ಆದಾಗ, ಮತದಾರರ ಚೀಟಿ ಇಲ್ಲದವರು ಬೇರೆ 12 ದಾಖಲೆಗಳಲ್ಲಿ ಯಾವುದಾದರೂ ಒಂದನ್ನು ತೋರಿಸಬಹುದಿತ್ತು. ನಮಗೆ ಹೆಚ್ಚು ಉಪಯೋಗ ಆಗುವವು ಇವು: ಆಧಾರ್ ಕಾರ್ಡ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೋ ಅಂಟಿಸಿದ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಪಾನ್ ಕಾರ್ಡ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ. ಲೈಸೆನ್ಸ್, ಪಾಸ್‌ಪೋರ್ಟ್ ಇದ್ದವರು ಅವನ್ನೂ ತೋರಿಸಬಹುದು.

ಎರಡು ಕಡೆ ನಮ್ಮವರು ಎಡವುತ್ತಾರೆ. ಒಂದು, ರೇಷನ್ ಕಾರ್ಡ್ ಆ ಪಟ್ಟಿಯಲ್ಲಿಲ್ಲ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಎಂದು ನಿಮ್ಮ ಫೋಟೋ ಇದೆ, ಅದೇ ಕಾರ್ಡಿನ ಮೇಲೆ 2023ರಿಂದ ಗೃಹಲಕ್ಷ್ಮಿ ಹಣ ಬಂದಿದೆ, ನಿಜ. ಆದರೂ ಮತಗಟ್ಟೆಯಲ್ಲಿ ಅದು ನಡೆಯುವುದಿಲ್ಲ. ಎರಡು, ಸಂಘದ ಪಾಸ್‌ಬುಕ್. ಅದು ಸಂಘದ ಹೆಸರಿನಲ್ಲಿದೆ, ನಿಮ್ಮ ಹೆಸರಿನಲ್ಲಿ ಅಲ್ಲ. ನಿಮ್ಮ ಸ್ವಂತ ಉಳಿತಾಯ ಖಾತೆಯ ಪಾಸ್‌ಬುಕ್ಕಿನಲ್ಲಿ ಫೋಟೋ ಇದ್ದು, ಅದರ ಮೇಲೆ ಬ್ಯಾಂಕಿನ ಸೀಲು ಬಿದ್ದಿರಬೇಕು. ಈ ಸಲ ಬ್ಯಾಂಕಿಗೆ ಸಾಲದ ಕಂತು ಕಟ್ಟಲು ಹೋದಾಗ ನೋಡಿಕೊಂಡು ಬನ್ನಿ.

ಮನೆಗೆ ತಂದುಕೊಡುವ ಮತದಾರರ ಮಾಹಿತಿ ಚೀಟಿ ಕೂಡ ಗುರುತಲ್ಲ. ಮೊದಲು ಅದರಲ್ಲಿ ಫೋಟೋ ಇರುತ್ತಿತ್ತು, ಅದನ್ನೇ ತೋರಿಸಿದರೂ ಸಾಕಿತ್ತು. 2019ರಿಂದ ಅದೊಂದನ್ನೇ ತೋರಿಸಿ ಮತ ಹಾಕುವಂತಿಲ್ಲ. ಬೂತ್ ಯಾವುದು, ಕ್ರಮ ಸಂಖ್ಯೆ ಎಷ್ಟು ಎಂದು ತಿಳಿಯಲಿಕ್ಕೆ ಮಾತ್ರ ಅದು.

ಇನ್ನು ಆಧಾರ್ ತೋರಿಸಿದರೆ ಹೆಬ್ಬೆರಳು ಒತ್ತಿಸಿ ಯಂತ್ರದಲ್ಲಿ ನೋಡುತ್ತಾರಾ ಎಂದು ರೇಷನ್ ಅಂಗಡಿಯ ಅನುಭವದಿಂದ ಹೆದರುವವರಿದ್ದಾರೆ. ಇಲ್ಲ. ಕಾರ್ಡ್ ನೋಡುತ್ತಾರೆ ಅಷ್ಟೇ. ಕೆಲಸ ಮಾಡಿ ಮಾಡಿ ಬೆರಳು ಸವೆದ ಅಜ್ಜಿಯರು ಧೈರ್ಯವಾಗಿ ಹೋಗಬಹುದು. ಕಾರ್ಡಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದೆ, ವಯಸ್ಸು ಎರಡು ವರ್ಷ ಹೆಚ್ಚು ಕಡಿಮೆ ಆಗಿದೆ ಎಂದೂ ಗಾಬರಿ ಬೇಡ. ಆಳು ಇವಳೇ ಎಂದು ಗೊತ್ತಾದರೆ ಇಂಥ ಸಣ್ಣ ತಪ್ಪುಗಳನ್ನು ಗಣಿಸಬಾರದು ಎಂದು ಆಯೋಗವೇ ಸೂಚನೆ ಕೊಟ್ಟಿದೆ. ಹಳೇ ಊರಿನ ಕಾರ್ಡನ್ನೂ ತೋರಿಸಬಹುದು. ಆದರೆ ಹೆಸರು ಈಗಿನ ಬೂತಿನ ಪಟ್ಟಿಯಲ್ಲಿ ಇರಬೇಕು.

ಎಲ್ಲವೂ ಬಂದು ನಿಲ್ಲುವುದು ಇಲ್ಲೇ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕಾನೂನಿನ ಪ್ರಕಾರ ಮತವಿಲ್ಲ, ಕೈಯಲ್ಲಿ ಯಾವ ಕಾರ್ಡ್ ಇದ್ದರೂ ಅಷ್ಟೇ.

ಆಳಂದದಲ್ಲಿ ನಡೆದದ್ದು

ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದ ಸಂಗತಿ ಎಲ್ಲಾ ಸಂಘಗಳಲ್ಲೂ ಚರ್ಚೆ ಆಗಬೇಕಾದದ್ದು. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅಲ್ಲಿ ಮತದಾರರ ಹೆಸರು ತೆಗೆದುಹಾಕಿ ಎಂದು ಕೇಳುವ ನಮೂನೆ 7ರ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಅರ್ಜಿಯಲ್ಲಿ ಕಂಡಿತು. ಅರ್ಜಿ ಹಾಕಿದವರೆಂದು ಯಾರ ಹೆಸರಿತ್ತೋ ಅವರನ್ನು ಕೇಳಿದರೆ, ಅವರಿಗೆ ಈ ವಿಷಯವೇ ಗೊತ್ತಿಲ್ಲ! ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ 6,018ರಲ್ಲಿ ಸರಿಯಾದ ಅರ್ಜಿ 24 ಮಾತ್ರ. ಉಳಿದ 5,994 ಸುಳ್ಳು. ಆ ಹೆಸರುಗಳು ಉಳಿದವು. 2023ರ ಫೆಬ್ರವರಿಯಲ್ಲಿ ಪೊಲೀಸ್ ಕೇಸು ದಾಖಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ನೇಮಿಸಿತು.

ಆ ಸಾವಿರಾರು ಜನರ ಮನೆಯಲ್ಲಿ ಕಾರ್ಡ್ ಭದ್ರವಾಗಿಯೇ ಇತ್ತು. ಒಬ್ಬರು ಗಮನಿಸದೆ ಹೋಗಿದ್ದರೆ ಮತದಾನದ ದಿನ ಸಾಲಿನಲ್ಲಿ ನಿಂತಾಗಲೇ ಗೊತ್ತಾಗುತ್ತಿತ್ತು. ಫೋಟೋ ಕಾರ್ಡ್ ಇದ್ದರೆ ಮೋಸ ನಿಲ್ಲುತ್ತದೆ ಎಂದು ವಾದಿಸುವವರಿಗೆ ಆಳಂದ ಉತ್ತರ ಕೊಡುತ್ತದೆ. ಬಾಗಿಲಲ್ಲಿ ಕಾವಲು ಹಾಕಿದರೆ ಕಳ್ಳ ಹಿತ್ತಲಿಂದ ಬಂದ.

ಕಾರ್ಡಿಗೆ ಸಂಬಂಧಿಸಿದ ಮೋಸವೂ ಇದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ 9,746 ಮತದಾರರ ಚೀಟಿಗಳು ಕಟ್ಟುಕಟ್ಟಾಗಿ ಸಿಕ್ಕವು. ಎಲ್ಲಾ ಬೇರೆ ಬೇರೆ ಜನರದ್ದು. ರಾಜರಾಜೇಶ್ವರಿನಗರ ಕ್ಷೇತ್ರದ ಚುನಾವಣೆಯನ್ನೇ ಮುಂದೂಡಿ ಮೇ 28ಕ್ಕೆ ನಡೆಸಬೇಕಾಯಿತು. ಹಾಗಾಗಿ, "ಕಾರ್ಡ್ ಕೊಡ್ರಿ ಅಕ್ಕಾ, ನಾಳೆ ವಾಪಸ್ ಕೊಡ್ತೇವಿ" ಎಂದು ಯಾರೇ ಬಂದರೂ ಕೊಡಬೇಡಿ. ಸೀರೆ ಕೊಡಲಿ, ಕುಕ್ಕರ್ ಕೊಡಲಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿಯೇ ಇನ್ನೊಂದು ಹಗರಣ ಹೊರಬಂತು. ಮತದಾರರ ಜಾಗೃತಿ ಮಾಡುತ್ತೇವೆ ಎಂದು ಅನುಮತಿ ಪಡೆದ ಚಿಲುಮೆ ಎಂಬ ಸಂಸ್ಥೆಯವರು ಬೂತ್ ಅಧಿಕಾರಿಗಳ ಹಾಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಮನೆ ಮನೆಯ ಮಾಹಿತಿ ಸಂಗ್ರಹಿಸಿದ ಆರೋಪ ಅದು. ನಮ್ಮಂಥ ಸಂಸ್ಥೆಗಳೂ ಇದರಿಂದ ಕಲಿಯುವುದಿದೆ. ನಮ್ಮ ಕಾರ್ಯಕರ್ತೆಯರು ಬಂದು ವೋಟರ್ ನಂಬರ್ ಬರೆದುಕೊಳ್ಳುತ್ತೇವೆ ಅಂದರೆ ಅವರಿಗೂ ಕೊಡಬೇಡಿ. ನಿಮ್ಮ ಅರ್ಜಿ ತುಂಬಲು ಸಹಾಯ ಮಾಡುವುದು ಬೇರೆ, ಪಟ್ಟಿ ಮಾಡಿ ಒಯ್ಯುವುದು ಬೇರೆ.

ನಮ್ಮ ತಾಲೂಕಿನ ಹೆಂಗಸರಿಗೆ

ಮುಂಡಗೋಡ, ಯಲ್ಲಾಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಹಳಿಯಾಳ, ದಾಂಡೇಲಿ, ಜೋಯಿಡಾ ಸೇರಿ ಹಳಿಯಾಳ ಕ್ಷೇತ್ರ. ಇಲ್ಲಿ ಹೆಸರು ತಪ್ಪುವ ಕಾರಣಗಳು ಬೇರೆ ಕಡೆಗಿಂತ ಹೆಚ್ಚು. ಕಾಡಿನ ಅಂಚಿನಲ್ಲಿ ಚದುರಿದ ಸಿದ್ದಿ ಮತ್ತು ಗೌಳಿ ಕುಟುಂಬಗಳು, ದುಡಿಮೆಗೆ ಗೋವಾ, ಮಂಗಳೂರು ಕಡೆ ಹೋಗುವ ಲಂಬಾಣಿ ತಾಂಡಾದವರು. ಪರಿಶೀಲನೆಗೆ ಬಂದವರಿಗೆ ಮನೆ ಬೀಗ ಕಾಣುತ್ತದೆ, "ಊರು ಬಿಟ್ಟಿದ್ದಾರೆ" ಎಂದು ಬರೆದರೆ ಮುಗಿಯಿತು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಅದೂ ನಾಮಕರಣದಿಂದ. ಮತದ ಬಲದಿಂದ ಹೋಗಬೇಕಾದರೆ ಎಲ್ಲರ ಹೆಸರೂ ಪಟ್ಟಿಯಲ್ಲಿ ನಿಲ್ಲಬೇಕು.

ನಮ್ಮ ನೆರೆಯ ಟಿಬೆಟನ್ ಕ್ಯಾಂಪಿನವರ ಕಥೆಯೂ ಈ ಪಾಠಕ್ಕೆ ಸೇರುತ್ತದೆ. 1966ರಲ್ಲಿ ಇಲ್ಲಿ ನೆಲೆ ನಿಂತರು. ಇಲ್ಲೇ ಹುಟ್ಟಿದ ಮಕ್ಕಳ ಕೈಯಲ್ಲೂ ವಿದೇಶಿಯರ ನೋಂದಣಿ ಪುಸ್ತಕ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂಬ ಕಾನೂನು ಟಿಬೆಟನ್ನರಿಗೂ ಅನ್ವಯ ಎಂದು ನಮ್ಮ ರಾಜ್ಯದ ಹೈಕೋರ್ಟ್ 2013ರಲ್ಲಿ ಹೇಳಿತು. ಅದರ ಮೇಲೆ ಅಂಥವರನ್ನು ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು. ಹೆಸರು ಸೇರಿಸಬೇಕೋ ಬೇಡವೋ ಎಂದು ಅವರೊಳಗೇ ಚರ್ಚೆ ನಡೆಯಿತು. ಮತದಾರಳಾಗುವುದು ಅಂದರೆ ಈ ಮಣ್ಣಿನವಳು ಎಂದು ಒಪ್ಪಿಕೊಂಡ ಹಾಗೆ. ಮರಳಿ ಹೋಗುವ ಆಸೆ ಇಟ್ಟುಕೊಂಡವರಿಗೆ ಅದು ಸುಲಭದ ನಿರ್ಧಾರ ಅಲ್ಲ. ನಾವು ಹುಟ್ಟಿನಿಂದಲೇ ಪಡೆದು ಕಪಾಟಿನಲ್ಲಿ ಮರೆತ ಕಾರ್ಡಿನ ಬೆಲೆ ಇದು.

ಹೆಂಗಸರಿಗೆ ಇನ್ನೊಂದು ತೊಡಕು ಮದುವೆ. ತವರಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಕೆಲವರಿಗೆ ಹೆಸರೇ ಬದಲು. ಶಾಲೆ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ತವರಿನ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿರುತ್ತದೆ, ಇಲ್ಲಿ ಹೊಸದಾಗಿ ಸೇರಿಸುತ್ತಾರೆ. ಎರಡು ಕಡೆ ಹೆಸರು ಇರಬಾರದು. ಗೊತ್ತಿದ್ದೂ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. ಅದಕ್ಕೆ ಹೊಸ ಅರ್ಜಿ ಬೇಡ, ನಮೂನೆ 8 ಕೊಟ್ಟು ಹೆಸರನ್ನು ಅಲ್ಲಿಂದ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ವಿಳಾಸ, ಹೆಸರಿನ ತಿದ್ದುಪಡಿ, ಕಳೆದುಹೋದ ಕಾರ್ಡಿಗೆ ಬದಲಿ, ಎಲ್ಲಕ್ಕೂ 2022ರಿಂದ ಅದೊಂದೇ ನಮೂನೆ. 18 ತುಂಬಿದ ಮಗಳಿಗೆ ನಮೂನೆ 6. ಮೊದಲು ಜನವರಿ 1ಕ್ಕೆ 18 ಆಗಿರಬೇಕಿತ್ತು, ಈಗ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೂ ಆಗುತ್ತದೆ. ಆಧಾರ್ ನಂಬರ್ ಜೋಡಿಸುವುದು ಕಡ್ಡಾಯವಲ್ಲ ಎಂದು ಆಯೋಗ 2023ರಲ್ಲಿ ಸುಪ್ರೀಂ ಕೋರ್ಟಿಗೇ ಹೇಳಿದೆ. ಆಧಾರ್ ಕೊಡದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಬಿಹಾರದಿಂದ ಬಂದ ಪ್ರಶ್ನೆ

2025ರ ಜೂನ್‌ನಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. ಆಯೋಗ ಕೇಳಿದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ, ರೇಷನ್ ಕಾರ್ಡ್ ಇರಲಿಲ್ಲ, ಆಯೋಗವೇ ಕೊಟ್ಟ ಮತದಾರರ ಚೀಟಿಯೂ ಇರಲಿಲ್ಲ! ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಆಯೋಗ ಹೇಳಿತು. ಯಾರ ಹೆಸರು, ಯಾವ ಕಾರಣಕ್ಕೆ ಹೋಯಿತು ಎಂದು ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಸೆಪ್ಟೆಂಬರ್‌ನಲ್ಲಿ ಆಧಾರನ್ನು ಹನ್ನೆರಡನೇ ದಾಖಲೆಯಾಗಿ ಸ್ವೀಕರಿಸಲು ಹೇಳಿತು, ಅದು ಗುರುತಿಗೆ ಮಾತ್ರ, ಪೌರತ್ವಕ್ಕೆ ಪುರಾವೆ ಅಲ್ಲ ಎಂದೂ ಸೇರಿಸಿತು. ಈ ಪರಿಷ್ಕರಣೆ ಇಡೀ ದೇಶಕ್ಕೆ ಎಂಬುದು ಆಯೋಗದ ಮೂಲ ಆದೇಶದಲ್ಲೇ ಇದೆ. ಸತ್ತವರ ಹೆಸರು ತೆಗೆಯಲೇಬೇಕು, ಅದಕ್ಕೆ ನಮ್ಮ ವಿರೋಧ ಇಲ್ಲ. ಆದರೆ ಶಾಲೆ ಮೆಟ್ಟಿಲು ಹತ್ತದ, ಮನೆಯಲ್ಲೇ ಹುಟ್ಟಿದ, ಜಮೀನಿನ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿನ ಹತ್ತಿರ ಎಂಥ ದಾಖಲೆ ಇರಲು ಸಾಧ್ಯ? ಗಂಡಸಿನ ಹೆಸರಲ್ಲಿ ನಾಲ್ಕು ಕಾಗದ ಇರುವ ಮನೆಯಲ್ಲಿ ಹೆಂಗಸಿನ ಹೆಸರಲ್ಲಿ ಒಂದು ಸಿಗುವುದು ಕಷ್ಟ.

ಒಂದು ಮತ ಹೋದರೇನು ಎನ್ನುವವರಿಗೆ: 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಗೆದ್ದ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಸೋತ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751.

ಮುಂದಿನ ಸಭೆಗೆ

ಬರುವ ವಾರದ ಸಭೆಗೆ ಎಲ್ಲರೂ ಕಾರ್ಡ್ ತನ್ನಿ, ನಿಮ್ಮ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಫೋನ್ ಬಳಸಲು ಬರುವ ಮಗಳೋ ಸೊಸೆಯೋ ಇದ್ದರೆ ಕರೆದುಕೊಂಡು ಬನ್ನಿ, ಆಯೋಗದ ವೆಬ್‌ಸೈಟಿನಲ್ಲಿ ಪ್ರತಿಯೊಬ್ಬರ ಹೆಸರು ಪಟ್ಟಿಯಲ್ಲಿದೆಯಾ ನೋಡೋಣ. 1950 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಹೆಸರು ಇಲ್ಲದಿದ್ದರೆ ಬೂತ್ ಮಟ್ಟದ ಅಧಿಕಾರಿ ಅಥವಾ ತಹಶೀಲ್ದಾರ್ ಕಚೇರಿ. ನಿಮಗೆ ತಿಳಿಸದೆ, ನಿಮ್ಮ ಮಾತು ಕೇಳದೆ ಹೆಸರು ತೆಗೆಯುವಂತಿಲ್ಲ. ತೆಗೆದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ದುಡಿಯಲು ಹೊರಗೆ ಹೋಗಿರುವ ಸದಸ್ಯೆಯರ ಹೆಸರನ್ನೂ ನೋಡಿ, ಅವರ ಪರವಾಗಿ ನೋಡುವವರು ಸಂಘದವರೇ. ನಡೆಯಲಾಗದ ಅಜ್ಜಿಯರಿದ್ದರೆ ಅವರ ವಯಸ್ಸು ಬರೆದಿಡಿ, 2024ರಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಸೌಲಭ್ಯ ಇತ್ತು, ಅದಕ್ಕೆ ಮುಂಚಿತವಾಗಿ ನಮೂನೆ 12ಡಿ ಕೊಡಬೇಕು.

ಆಮೇಲೆ ಈ ಪ್ರಶ್ನೆ ಚರ್ಚಿಸಿ, ಬೇರೆ ಬೇರೆ ಅಭಿಪ್ರಾಯ ಬಂದರೆ ಬರಲಿ: ನಮ್ಮ ಊರಿನ ಬೂತಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬ ಅಜ್ಜಿ ಯಾವ ಕಾಗದವೂ ಇಲ್ಲದೆ ಬಂದರೆ ಮತ ಹಾಕಲು ಬಿಡಬೇಕೋ ಬೇಡವೋ? ಬಿಡಬೇಕು ಅನ್ನುವವರು, ಗೊತ್ತಿಲ್ಲದ ಮುಖ ಬಂದಾಗ ಏನು ಮಾಡಬೇಕು ಹೇಳಿ. ಬೇಡ ಅನ್ನುವವರು, ಆ ಅಜ್ಜಿಗೆ ಕಾಗದ ಮಾಡಿಸಿಕೊಡಲು ನಿಮ್ಮಲ್ಲಿ ಯಾರು ತಹಶೀಲ್ದಾರ್ ಕಚೇರಿಗೆ ಹೋಗುತ್ತೀರಿ, ಯಾವತ್ತು ಹೋಗುತ್ತೀರಿ, ಅದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಿರಿ.